ಗಂಡು ಇಲಿಯ ಲಿವರ್‌ನಲ್ಲಿ ಕಿಣ್ವವೇ ಕಾಣುತ್ತಿಲ್ಲ, ಅಸ್ಸೇ ಕೆಟ್ಟಿದೆಯಾ?
ಒಂದೇ ತಳಿ, ಒಂದೇ ಫೀಡ್, ಆದರೂ ಎಂಟು ವಾರದ ಗಂಡು ಮೌಸ್‌ಗಳ (ಲ್ಯಾಬಿನ ಸಣ್ಣ ಇಲಿಗಳ) ಲಿವರ್‌ನಲ್ಲಿ ಎಫ್‌ಎಂಒ3 ಕಿಣ್ವ ಸಿಗುತ್ತಲೇ ಇಲ್ಲ, ಹೆಣ್ಣುಗಳಲ್ಲಿ ಧಾರಾಳವಾಗಿದೆ ಎಂದು ಬರೆದಿದ್ದೀರಿ. ನಿಮ್ಮ ಅಸ್ಸೇಯನ್ನು, ಅಂದರೆ ಕಿಣ್ವ ಅಳೆಯುವ ಪರೀಕ್ಷೆಯನ್ನು, ಅನುಮಾನಿಸಬೇಡಿ. ಅಲ್ಲಿ ಬರಬೇಕಾದ ಉತ್ತರವೇ ಅದು. ಆ ಗಂಡುಗಳ ಅಂಕಿಯನ್ನು ದಯವಿಟ್ಟು ಔಟ್‌ಲೈಯರ್ (ಉಳಿದವುಗಳ ಜೊತೆ ಹೊಂದದ ಅಂಕಿ) ಅಂತ ತೆಗೆದುಹಾಕಬೇಡಿ.

ಹಾಲು ಬಿಡಿಸುವ ಹೊತ್ತಿಗೆ, ಅಂದರೆ ಸುಮಾರು 21ನೇ ದಿನಕ್ಕೆ, ಎರಡರಲ್ಲೂ ಈ ಕಿಣ್ವ ಇರುತ್ತದೆ. ಆಮೇಲೆ ಗಂಡಿನಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಏರಿದ ಹಾಗೆ ಇದು ಇಳಿಯುತ್ತದೆ. ಆರು ವಾರ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಂಡಿನ ಬೀಜ (ವೃಷಣ) ತೆಗೆದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಟ್ರೈಮೀಥೈಲಮೀನ್ ಎಂಬ ಮೀನುವಾಸನೆಯ ವಸ್ತುವಿನ ನಾತ ಕಳೆಯುವುದು ಇದೇ ಕಿಣ್ವ. ಅದು ಇಲ್ಲದ ಗಂಡಿನ ಮೂತ್ರದಲ್ಲಿ ಆ ವಸ್ತು ಹಾಗೇ ಹೊರಗೆ ಬರುತ್ತದೆ. ಮನುಷ್ಯರಲ್ಲಿ ಗಂಡಸರಿಗೆ ಹೀಗೆ ನಿಂತುಹೋಗುವುದಿಲ್ಲ. ಅದಕ್ಕೇ ಇಲಿಯ ಫಲಿತಾಂಶವನ್ನು ನಮಗೆ ನೇರವಾಗಿ ಹೊಂದಿಸುವಾಗ ತುಂಬಾ ಎಚ್ಚರ ಬೇಕು.

ಕಿಡ್ನಿಗೆ ಬಂದರೆ ಲೆಕ್ಕ ತಿರುಗುಮುರುಗು. ಅಲ್ಲಿ ಸಿವೈಪಿ2ಇ1, ಆರ್ನಿಥಿನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವಗಳು ಎರಡೂ ಗಂಡಿನಲ್ಲೇ ಜಾಸ್ತಿ. ಇದು ಬರೀ ಅಂಕಿಯ ಮಾತಲ್ಲ, ಪ್ರಾಣದ ಮಾತು. ಕ್ಲೋರೋಫಾರ್ಮ್ ತಗುಲಿದರೆ ಗಂಡು ಇಲಿಯ ಕಿಡ್ನಿ ಕೊಳೆಯುತ್ತದೆ, ಅಷ್ಟೇ ತಗುಲಿದ ಹೆಣ್ಣಿನ ಕಿಡ್ನಿಗೆ ಏನೂ ಆಗದೆ ಇರಬಹುದು. 1945ರಲ್ಲೇ ಇದು ಪ್ರಕಟವಾಗಿತ್ತು. ಹೆಣ್ಣಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ ಅದರ ಕಿಡ್ನಿಯೂ ಹಾಳಾಗುತ್ತದೆ. ಕ್ಲೋರೋಫಾರ್ಮನ್ನು ವಿಷವಾಗಿ ಮಾರ್ಪಡಿಸುವುದು ಕಿಡ್ನಿಯಲ್ಲಿರುವ ಸಿವೈಪಿ2ಇ1 ಕಿಣ್ವವೇ. ನಿಮ್ಮ ಪ್ರಾಣಿಮನೆಯ ಹತ್ತಿರ ಕ್ಲೋರೋಫಾರ್ಮ್ ಬಾಟಲಿ ತೆರೆದಿಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಎಲ್ಲ ಕಿಣ್ವಕ್ಕೂ ಲಿಂಗವೇ ಕಾರಣ ಅಂತಲ್ಲ. ಸಣ್ಣ ಕರುಳಿನಲ್ಲಿ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ನೋಡಿ, ಹಾಲು ಬಿಟ್ಟ ಮೇಲೆ ಗಂಡು ಹೆಣ್ಣು ಎರಡರಲ್ಲೂ ಇಳಿಯುತ್ತದೆ, ಮಾಮೂಲಿ ಸಕ್ಕರೆ ಅರಗಿಸುವ ಸುಕ್ರೇಸ್ ಏರುತ್ತದೆ. ಅಲ್ಲಿ ವಯಸ್ಸೇ ಮುಖ್ಯ.

ಹಾಗಾಗಿ ಗಂಡು ಹೆಣ್ಣುಗಳ ಸರಾಸರಿ ಒಟ್ಟಿಗೆ ತೆಗೆಯಬೇಡಿ. ಸುಮ್ನೆ ‘ಅಡಲ್ಟ್’ ಅಂತ ಬರೆದು ಬಿಡಬೇಡಿ, ವಾರ ಬರೆಯಿರಿ. ನಾಲ್ಕು ವಾರದ್ದೂ ಹತ್ತು ವಾರದ್ದೂ ಒಂದೇ ಅಲ್ವಲ್ಲಾ. ಒಂದೇ ಪಂಜರದ ಗಂಡುಗಳಲ್ಲೂ ಮೇಲುಗೈ ಸಾಧಿಸಿದ್ದಕ್ಕೆ ಟೆಸ್ಟೋಸ್ಟೆರಾನ್ ಜಾಸ್ತಿ ಇರಬಹುದು, ಅದರಿಂದ ಅಂಕಿ ಚದುರುತ್ತದೆ. ಯಾವ ಇಲಿ ಯಾವ ಪಂಜರದ್ದು ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ಇನ್ನೂ ಅನುಮಾನ ಇದ್ದರೆ ಮೂರು ವಾರದ ಗಂಡು ಮರಿಗಳ ಲಿವರನ್ನು ಇದೇ ಅಸ್ಸೇಯಲ್ಲಿ ಅಳೆಯಿರಿ. ಅವುಗಳಲ್ಲಿ ಎಫ್‌ಎಂಒ3 ಸಿಗಬೇಕು.