ಸುಪ್ತ ಮನಸ್ಸನ್ನು ಅರಿತರೆ ಬಿಡುಗಡೆ ಸಿಗುತ್ತದೆ ಅಂತಾರಲ್ಲ, ನಿಜಾನಾ?

ಮಲಗುವ ಮುಂಚೆ ನೂರು ಸಲ 'ನನಗೆ ಭಯವಿಲ್ಲ' ಅಂತ ಹೇಳಿಕೊಂಡರೂ ಏನೂ ಬದಲಾಗಿಲ್ಲ, ತಪ್ಪು ಎಲ್ಲಾಗಿದೆ ಅಂತಲೂ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ ಬಿಡಿ. ನಾನು ಗುರು ಗಿರು ಅಲ್ಲ, ಮಡಿಕೇರಿ ಹತ್ತಿರ ಸ್ವಲ್ಪ ಕಾಫಿ ತೋಟ ನೋಡಿಕೊಂಡಿರುವವನು. ನನಗಾದದ್ದನ್ನು ಹೇಳುತ್ತೇನೆ.

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜರಿಯಿತಲ್ಲ, ಮಕ್ಕಂದೂರು, ಜೋಡುಪಾಲ ಅಂತ ಟಿವಿಯಲ್ಲೆಲ್ಲ ಬಂದಿತ್ತು. ನಮ್ಮ ಮನೆ ಉಳಿಯಿತು. ತೋಟದ ಒಂದು ಮೂಲೆ ಮಾತ್ರ ಹೋಯಿತು, ಕಾಫಿ ಗಿಡ, ಮೆಣಸಿನ ಬಳ್ಳಿ, ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಮರ ಎಲ್ಲ ಸೇರಿ. ಆಮೇಲೆ ಚೆನ್ನಾಗಿಯೇ ಇದ್ದೇನೆ ಅಂದುಕೊಂಡಿದ್ದೆ. ಮುಂದಿನ ವರ್ಷ ಮಳೆ ಹಿಡಿದಾಗ ಗೊತ್ತಾಯಿತು. ಹೆಂಚಿನ ಮೇಲೆ ಸದ್ದು ಜೋರಾದರೆ ಸಾಕು, ನಿದ್ದೆಗಣ್ಣಲ್ಲೇ ಟಾರ್ಚ್ ಹಿಡಿದು ಬಾಗಿಲಿಗೆ ಹೋಗಿರುತ್ತಿದ್ದೆ. ಎದ್ದಿದ್ದೇನೆ ಅಂತ ತಿಳಿಯುತ್ತಿದ್ದುದೇ ಚಿಲಕ ತೆಗೆದ ಮೇಲೆ. ಹೆಂಡತಿ ಕೇಳಿದರೆ 'ಸುಮ್ನೆ' ಅನ್ನುತ್ತಿದ್ದೆ.

ಜಿನೀವಾದ ಎಡ್ವರ್ಡ್ ಕ್ಲಾಪರೇಡ್ ಅನ್ನುವ ಮನಶ್ಶಾಸ್ತ್ರಜ್ಞ 1911ರಲ್ಲಿ ಒಂದು ಸಂಗತಿ ಬರೆದಿದ್ದಾರೆ. ಹೊಸದೇನೂ ನೆನಪಲ್ಲಿ ನಿಲ್ಲದ ಒಬ್ಬ ಹೆಂಗಸು. ಅವರು ಬೆರಳ ಸಂದಿಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಆಕೆಯ ಕೈ ಹಿಡಿದರು (ಮಾಡಬಾರದ ಕೆಲಸ, ಇರಲಿ). ಆಕೆ ಚುಚ್ಚಿದ್ದನ್ನು ಬೇಗ ಮರೆತಳು. ಆದರೆ ಮತ್ತೆ ಅವರು ಕೈ ಚಾಚಿದಾಗ ತನ್ನ ಕೈ ಹಿಂದಕ್ಕೆಳೆದುಕೊಂಡಳು, ಚುಚ್ಚಿದ ನೆನಪು ಮಾತ್ರ ಇಲ್ಲ. ಸುಪ್ತ ಮನಸ್ಸು ಅಂದರೆ ನನಗೆ ಇದೇ. ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿಲ್ಲ. ಇನ್ನು ಬಾಯಲ್ಲಿ ನೂರು ಸಲ ಹೇಳಿದರೆ ಕೈಗೆ ಕೇಳಿಸುತ್ತದಾ? ಹಿರಿಯರು ಇದನ್ನು ವಾಸನೆ ಅಂದರು. ಇಂಗು ಖಾಲಿಯಾದರೂ ಡಬ್ಬಿ ವಾಸನೆ ಹೋಗಲ್ಲವಲ್ಲ, ಹಾಗೆ. 'ಸುಪ್ತ ಮನಸ್ಸಿನ ಶಕ್ತಿ' ಅಂತ ರೆಸಾರ್ಟ್ ಒಂದರಲ್ಲಿ ನಡೆದ ಎರಡು ದಿನದ ಶಿಬಿರಕ್ಕೂ ಹೋಗಿದ್ದೆ. ಊಟ ಚೆನ್ನಾಗಿತ್ತು.

ಒಂದು ರಾತ್ರಿ ಟಾರ್ಚ್ ಇದ್ದ ಜಾಗದಲ್ಲಿ ಇರಲಿಲ್ಲ, ಮಗ ಎಲ್ಲೋ ಇಟ್ಟಿದ್ದ. ಕೈ ಕತ್ತಲಲ್ಲಿ ಗೋಡೆಯ ಗೂಡು ತಡಕುತ್ತಲೇ ಇತ್ತು, ಅದನ್ನು ಮೊದಲ ಸಲ ನೋಡಿದೆ. ಹಲ್ಲು ಕಚ್ಚಿಕೊಂಡಿದ್ದೆ, ಉಸಿರು ಅರ್ಧದಲ್ಲಿ ನಿಂತಿತ್ತು. ಬೈದುಕೊಳ್ಳಲಿಲ್ಲ, ತಡೆಯಲೂ ಇಲ್ಲ, ಅಲ್ಲೇ ನಿಂತು ನೋಡಿದೆ ಅಷ್ಟೇ. ಅಲ್ಲಿಂದ ಮುಂದೆ ನಿಧಾನಕ್ಕೆ, ಅಂದರೆ ಒಂದೆರಡು ಮಳೆಗಾಲ ಕಳೆದ ಮೇಲೆ, ಚಿಲಕದ ಹತ್ತಿರ ಆಗುತ್ತಿದ್ದ ಎಚ್ಚರ ಟಾರ್ಚ್ ಹತ್ತಿರ ಆಗತೊಡಗಿತು, ಆಮೇಲೆ ಕಾಲು ನೆಲಕ್ಕೆ ತಾಗಿದಾಗಲೇ.

ಬೆಂಜಮಿನ್ ಲಿಬೆಟ್ ಅನ್ನುವ ಅಮೆರಿಕದ ಮಿದುಳು ವಿಜ್ಞಾನಿ 1983ರಲ್ಲಿ ಪ್ರಕಟಿಸಿದ ಪ್ರಯೋಗ ಆಮೇಲೆ ಓದಿದೆ. ಕೈ ಆಡಿಸುವ ಸುಮಾರು ಅರ್ಧ ಸೆಕೆಂಡು ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿರುತ್ತದೆ, 'ಆಡಿಸಬೇಕು' ಅಂತ ನಮಗೆ ಅನ್ನಿಸುವುದು 0.2 ಸೆಕೆಂಡು ಮೊದಲು. ಇದರ ಅರ್ಥದ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಆದರೆ ಬೇಡ ಅನ್ನುವುದಕ್ಕೆ ಆ ಚೂರು ಹೊತ್ತು ಸಾಕು ಅಂತ ಲಿಬೆಟ್ ವಾದಿಸಿದ್ದರು. ಮೋಕ್ಷದ ಮಾತಾಡುವಷ್ಟು ದೊಡ್ಡವನಲ್ಲ ನಾನು, ನನಗೆ ಸಿಕ್ಕಿದ ಬಿಡುಗಡೆ ಆ ಚೂರು ಹೊತ್ತಿನಷ್ಟೇ. ಭಯ ಬರುವುದು ನಿಂತಿಲ್ಲ.

ನಿಮಗೆ ನಿದ್ದೆಯೇ ಬರದಷ್ಟು ಕಷ್ಟವಾಗಿದ್ದರೆ ಇದೆಲ್ಲ ಪಕ್ಕಕ್ಕಿಟ್ಟು ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್ ಅಂತ ಹೆಸರು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕಳೆದ ಮಳೆಗಾಲದಲ್ಲಿ ಮೂರು ಸಲ ಎಚ್ಚರವಾಯಿತು. ಎರಡು ಸಲ ಕಾಲು ನೆಲಕ್ಕಿಟ್ಟವನು ಸ್ವಲ್ಪ ಹೊತ್ತು ಕೂತು ಮತ್ತೆ ಮಲಗಿದೆ. ಮೂರನೇ ಸಲ ಟಾರ್ಚ್ ಹಿಡಿದು ಹೋಗಿ ಮನೆ ಹಿಂದಿನ ಮಣ್ಣಿನ ದಿಬ್ಬ ನೋಡಿಕೊಂಡು ಬಂದೆ, ಆವತ್ತಿನ ಮಳೆ ಅಂಥದ್ದೇ ಇತ್ತು.