ಸರ್ವೇಯವ್ರು ಮತ್ತೆ ಬಂದಿದಾರೆ, ಕಮಿಟಿಗೆ ಸೇರ್ಲಾ?

ಪ್ರಶ್ನೆ: ಮೇಡಂ, ನಮ್ಮದು ಒತ್ತೊತ್ತಾಗಿ ಮನೆಗಳಿರೋ ಏರಿಯಾ, ಬಾಡಿಗೆಯವ್ರೇ ಜಾಸ್ತಿ. ಆರೋಗ್ಯದ ಸಂಶೋಧನೆ ಅಂತ ಮೂರು ಸಲ ಬಂದು ಹೋದ್ರು, ಒಂದ್ಸಲ ರಕ್ತಾನೂ ತಗೊಂಡ್ರು, ಅದ್ರಿಂದ ಏನು ಗೊತ್ತಾಯ್ತು ಅಂತ ಇವತ್ತಿನವರೆಗೂ ಯಾರೂ ಬಂದು ಹೇಳಿಲ್ಲ. ಈಗ ಹೊಸ ತಂಡ ಬಂದು ಜನರ ಸಹಭಾಗಿತ್ವ ಬೇಕು, ಕಮಿಟಿಗೆ ಸೇರಿ ಅಂತಿದಾರೆ. ನಾನು ಹತ್ತನೇ ಕ್ಲಾಸೂ ಮುಗಿಸಿಲ್ಲ, ಡಾಕ್ಟರುಗಳಿಗೆ ನಾನು ಹೇಳೋದೇನಿದೆ?
(ಹೆಸರು ಬೇಡ ಅಂದಿದಾರೆ)

ಉತ್ತರ: ಸೇರಿ ಅಮ್ಮ. ಆದ್ರೆ ಸೇರೋಕೆ ಮುಂಚೆ ಅವರನ್ನ ಒಂದು ಮಾತು ಕೇಳಿ. ಯಾವುದರ ಬಗ್ಗೆ ಸಂಶೋಧನೆ ಮಾಡ್ಬೇಕು ಅನ್ನೋದು ಈಗಾಗ್ಲೇ ತೀರ್ಮಾನ ಆಗೋಗಿದ್ಯಾ, ಇಲ್ಲ ನಾವು ಹೇಳಿದ್ರೆ ಬದಲಾಗುತ್ತಾ ಅಂತ. ಅವರು ಕೊಡೋ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತೆ.

ಹೇಳೋದೇನಿದೆ ಅಂದ್ರಲ್ಲ, ಅದೇ ನಂಗೆ ಬೇಜಾರಾಗಿದ್ದು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ರು, ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾರಣ ಅಂತ ಕಂಡುಹಿಡಿದ ಡಾಕ್ಟರ್ ಜಾನ್ ಸ್ನೋ ಹೆಸರು ಎಲ್ಲರಿಗೂ ಗೊತ್ತು. ಆದ್ರೆ ಅದೇ ಏರಿಯಾದ ಚರ್ಚಿನ ಪಾದ್ರಿ ಹೆನ್ರಿ ವೈಟ್‌ಹೆಡ್ ಅಂತ ಒಬ್ಬರಿದ್ರು, ವೈದ್ಯ ಓದಿದವರಲ್ಲ, ಮೊದಮೊದಲು ಸ್ನೋ ಮಾತನ್ನ ಅವರು ನಂಬಿರ್ಲೂ ಇಲ್ಲ. ಅಲ್ಲಿನ ಮನೆಮನೆ ಪರಿಚಯ ಇದ್ದಿದ್ರಿಂದ ಒಂದೇ ಮನೆಗೆ ಮತ್ತೆ ಮತ್ತೆ ಹೋಗಿ ಯಾರು ಎಲ್ಲಿಂದ ನೀರು ಕುಡಿದ್ರು ಅಂತ ವಿಚಾರಿಸ್ತಾ ಹೋದ್ರು, ಕೊನೆಗೆ 40ನೇ ನಂಬರ್ ಮನೆಯ ಒಂದು ಕೂಸಿಗೆ ಮೊದಲೇ ಭೇದಿ ಆಗಿತ್ತು, ಅದರ ಬಟ್ಟೆ ತೊಳೆದ ನೀರು ಸುರಿದ ಗುಂಡಿ ಪಂಪಿನ ಬಾವಿಗೆ ತೀರಾ ಹತ್ರ ಇತ್ತು ಅನ್ನೋದನ್ನ ಪತ್ತೆ ಮಾಡಿದ್ದು ಅವರೇ. ಹೊರಗಿಂದ ಒಂದ್ಸಲ ಬಂದು ಹೋಗೋರ ಹತ್ರ ಆ ತಾಯಿ ಅಷ್ಟೆಲ್ಲ ಹೇಳ್ತಿದ್ಲಾ, ನಂಗಂತೂ ಅನುಮಾನ.

ಇನ್ನೊಂದು ನಮ್ಮ ಕಾಲದ್ದೇ. ಅಮೆರಿಕದ ಫ್ಲಿಂಟ್ ಅನ್ನೋ ಊರಲ್ಲಿ 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸೋಕೆ ಅಂತ ನಲ್ಲಿಗೆ ಫ್ಲಿಂಟ್ ನದಿ ನೀರು ಬಿಟ್ರು. ಪೈಪು ಕೊರೆಯದ ಹಾಗೆ ನೀರಿಗೆ ಸೇರಿಸ್ಬೇಕಾದ ಔಷಧ ಸೇರಿಸ್ಲಿಲ್ಲ, ಹಳೇ ಪೈಪಿನ ಸೀಸ ನೀರಿಗೆ ಬಿಟ್ಕೊಳ್ತು. ಸೀಸ ಮಕ್ಕಳ ಮೆದುಳಿಗೆ ವಿಷ. ಜನ ಬಣ್ಣ ಬೇರೆ ಆಗಿದೆ, ವಾಸನೆ ಬರ್ತಿದೆ ಅಂತ ಬಾಟ್ಲಿ ಹಿಡ್ಕೊಂಡು ಹೋದ್ರೆ ಅಧಿಕಾರಿಗಳು ನೀರು ಚೆನ್ನಾಗೇ ಇದೆ ಅಂದ್ರು. ಚೆನ್ನಾಗಿದೆ ಅಂತ ಹೇಗೆ ಬಂತು ಗೊತ್ತಾ? ಸ್ಯಾಂಪಲ್ ತೆಗೆಯೋ ಹಿಂದಿನ ರಾತ್ರಿ ನಲ್ಲಿ ಸ್ವಲ್ಪ ಹೊತ್ತು ಬಿಟ್ಟಿಡಿ ಅಂತ ಮನೆಯವ್ರಿಗೆ ಸೂಚನೆ ಇತ್ತು, ಹಾಗೆ ಬಿಟ್ರೆ ಪೈಪಲ್ಲಿ ನಿಂತಿದ್ದ ಸೀಸ ಹರಿದು ಹೋಗಿ ಟೆಸ್ಟಲ್ಲಿ ಕಮ್ಮಿ ಕಾಣುತ್ತೆ. ಕೊನೆಗೆ 2015ರಲ್ಲಿ ಲಿಆನ್ ವಾಲ್ಟರ್ಸ್ ಅನ್ನೋ ತಾಯಿ, ಅವರ ಥರದ ಇನ್ನೂ ಎಷ್ಟೋ ನಿವಾಸಿಗಳು ವರ್ಜಿನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಮನೆಮನೆಗೆ ಬಾಟ್ಲಿ ಹಂಚಿ ತಾವೇ ಸ್ಯಾಂಪಲ್ ಕೂಡಿಸಿದ್ರು, ಮಕ್ಕಳ ಡಾಕ್ಟರ್ ಮೋನಾ ಹನ್ನಾ ಅಟೀಶಾ ಮಕ್ಕಳ ರಕ್ತದಲ್ಲೂ ಸೀಸ ಏರಿದ್ದನ್ನ ತೋರಿಸಿದ್ರು, ಆ ಅಕ್ಟೋಬರಲ್ಲಿ ನೀರಿನ ಮೂಲ ವಾಪಸ್ ಬದಲಾಯ್ತು. ಲ್ಯಾಬ್ ಸಂಶೋಧಕರದ್ದು, ಯಾವ ನಲ್ಲಿ, ಯಾವ ಹೊತ್ತು ಅನ್ನೋ ತಿಳುವಳಿಕೆ ಜನರದ್ದು.

ನಿಮ್ಮ ಹತ್ರ ಇರೋದೂ ಇಂಥ ತಿಳುವಳಿಕೇನೇ. ಹಗಲು ಹೊತ್ತು ಸರ್ವೇ ಮಾಡಿದ್ರೆ ಕೆಲ್ಸಕ್ಕೆ ಹೋದವರು ಸಿಗಲ್ಲ, ಮನೆ ಓನರ್ ಪಟ್ಟಿ ಇಟ್ಕೊಂಡು ಬಂದ್ರೆ ಬಾಡಿಗೆಯವ್ರು ಬಿಟ್ಟುಹೋಗ್ತಾರೆ, ಆಮೇಲೆ ಇಡೀ ವಾರ್ಡಿನ ಸರಾಸರಿ ತೆಗೆದು ಎಲ್ಲ ಪರವಾಗಿಲ್ಲ ಅಂತ ಬರೀತಾರೆ. ಕಷ್ಟ ಯಾರಿಗೆ ಜಾಸ್ತಿಯೋ ಅವರೇ ಲೆಕ್ಕದಲ್ಲಿ ಇರಲ್ಲ. 1985ರಲ್ಲಿ ಮುಂಬೈಯಲ್ಲಿ ಫುಟ್‌ಪಾತ್ ಮೇಲೆ ವಾಸ ಮಾಡೋ ಸುಮಾರು 6,000 ಕುಟುಂಬಗಳ ಎಣಿಕೆ ಆಗಿದ್ದು ಸ್ಪಾರ್ಕ್ ಸಂಸ್ಥೆ ಆ ಜನರ ಜೊತೇಲೇ ನಿಂತು ಮಾಡಿದ್ರಿಂದ.

ಇನ್ನು ಕಮಿಟಿ ವಿಷಯ. ಅಮೆರಿಕದ ಶೆರಿ ಆರ್ನ್‌ಸ್ಟೀನ್ ಅನ್ನೋರು 1969ರಲ್ಲೇ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಒಂದು ಏಣಿ ಹೇಳಿದ್ರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನ ಕೂರಿಸಿ ಹೂಂ ಅನ್ನಿಸ್ಕೊಳ್ತಾರೆ ಅಷ್ಟೇ, ಮಧ್ಯದಲ್ಲಿ ಅಭಿಪ್ರಾಯ ಕೇಳ್ತಾರೆ ಆದ್ರೆ ತೀರ್ಮಾನ ಅವರದ್ದೇ, ಮೇಲಕ್ಕೆ ಹೋದ್ರೆ ಮಾತ್ರ ತೀರ್ಮಾನದಲ್ಲಿ ಪಾಲು. ಮೀಟಿಂಗಿಗೆ ಬರೀ ಸಹಿ ಹಾಕೋಕೆ ಕರೀತಾರೆ ಅನ್ನಿಸಿದ್ರೆ ಅಲ್ಲೇ ಬಾಯ್ಬಿಟ್ಟು ಹೇಳಿ. ನಮ್ಮ ಮಾಹಿತಿ ಯಾರ ಹತ್ರ ಇರುತ್ತೆ, ರಿಸಲ್ಟ್ ಯಾವಾಗ, ಯಾವ ಭಾಷೇಲಿ ನಮಗೆ ಹೇಳ್ತೀರಿ, ಕೂಲಿ ಬಿಟ್ಟು ಬರೋ ಹೊತ್ತಿಗೆ ಏನಾದ್ರೂ ಕೊಡ್ತೀರಾ, ಇದನ್ನೆಲ್ಲ ಬರವಣಿಗೇಲಿ ಕೇಳಿ. ನಾಚ್ಕೋಬೇಡಿ, ಆರೋಗ್ಯದ ಬಗ್ಗೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ 1978ರ ಆಲ್ಮಾ ಆಟಾ ಘೋಷಣೇಲೇ ಆರೋಗ್ಯದ ಯೋಜನೆ ಮಾಡೋದ್ರಲ್ಲಿ ಪಾಲ್ಗೊಳ್ಳೋದು ಜನರ ಹಕ್ಕು ಅಂತ ಇದೆ.

ಒಂದು ಮಾತ್ರ ಗಟ್ಟಿಯಾಗಿ ಹಿಡ್ಕೊಳ್ಳಿ: ಕಮಿಟಿ ಒಪ್ತು ಅಂದ ಮಾತ್ರಕ್ಕೆ ನಿಮ್ಮ ಮನೆಯವ್ರು ಒಪ್ಪಿದ ಹಾಗಲ್ಲ. ರಕ್ತ ಕೊಡೋದು ಬಿಡೋದು ಒಬ್ಬೊಬ್ಬರ ಇಷ್ಟ, ಮಧ್ಯದಲ್ಲೇ ಬಿಟ್ಟು ಹೊರಗೆ ಬಂದ್ರೂ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ಯಾವ ಓಣೀಲಿ ಯಾವ ಕಾಯಿಲೆ ಅಂತ ಮ್ಯಾಪ್ ಹೊರಗೆ ಹಾಕೋಕೆ ಮುಂಚೆ ನಿಮಗೆ ತೋರಿಸ್ಲಿ, ಕ್ಷಯ ಇರೋ ಓಣಿ ಅಂತ ಹೆಸರು ಬಿದ್ರೆ ಅನುಭವಿಸೋರು ನೀವು. ಆಮೇಲೆ ಕಮಿಟೀಲಿ ಏರಿಯಾದ ಲೀಡರು ಒಬ್ಬರೇ ಮಾತಾಡೋ ಹಾಗಾಗ್ಬಾರ್ದು, ನಿಮ್ಮ ಜೊತೆ ಇನ್ನಿಬ್ಬರು ಬಾಡಿಗೆ ಹೆಣ್ಮಕ್ಕಳನ್ನ ಕರ್ಕೊಂಡು ಹೋಗಿ.

ಪ್ರಶ್ನೆ: ನಾನು ಪಬ್ಲಿಕ್ ಹೆಲ್ತ್ ಓದ್ತಿದೀನಿ. ಪ್ರಶ್ನಾವಳಿ ಹಿಡಿದು ಹೋದ್ರೆ ಜನ ಮುಖ ಕೊಟ್ಟು ಮಾತಾಡಲ್ಲ, ಏನ್ಮಾಡ್ಲಿ?
(ಒಬ್ಬ ವಿದ್ಯಾರ್ಥಿ)

ಉತ್ತರ: ಮೇಲಿನ ಪತ್ರ ಓದಿ, ಯಾಕೆ ಮಾತಾಡಲ್ಲ ಅಂತ ಅವರೇ ಬರ್ದಿದಾರೆ. ನಿಮಗಿಂತ ಮುಂಚೆ ಹೋದವರು ವಾಪಸ್ ಬರಲಿಲ್ಲ. ಪ್ರಶ್ನಾವಳಿ ಬ್ಯಾಗಲ್ಲೇ ಇರ್ಲಿ, ಮೊದಲ ಒಂದೆರಡು ವಾರ ಸುಮ್ನೆ ಹೋಗಿ ಇಲ್ಲಿ ನಿಮಗೆ ತೊಂದ್ರೆ ಕೊಡ್ತಿರೋದೇನು ಅಂತ ಕೇಳಿ, ನೀವು ಸಕ್ಕರೆ ಕಾಯಿಲೆ ಬಗ್ಗೆ ಕೇಳೋಕೆ ಹೋಗಿರ್ತೀರಿ, ಅವರು ಚರಂಡಿ ಬಗ್ಗೆ ಹೇಳಬಹುದು, ಅದನ್ನೂ ಬರ್ಕೊಳ್ಳಿ, ನಿಮ್ಮ ಗೈಡ್ ಹತ್ರ ಪ್ರಶ್ನೆಗಳನ್ನ ಬದಲಾಯಿಸೋಕೆ ಸಮಯ ಕೇಳಿ. ಥೀಸಿಸ್ ಕೊಟ್ಟ ಮೇಲೂ ಒಂದಿನ ಅದೇ ಓಣಿಗೆ ಹೋಗಿ ಸಿಕ್ಕಿದ್ದನ್ನ ಅವರ ಮಾತಲ್ಲೇ ಹೇಳಿ ಬನ್ನಿ, ಆ ದಿನವನ್ನ ಈಗಲೇ ನಿಮ್ಮ ಟೈಮ್‌ಟೇಬಲ್ಲಿಗೆ ಸೇರಿಸ್ಕೊಳ್ಳಿ.