ಯಾವಾಗಿನಿಂದ ಹೀಗೆ?
ಓದುಗರ ಪ್ರಶ್ನೆ, ಮನೋವೈದ್ಯೆಯ ಉತ್ತರ

ಪ್ರಶ್ನೆ: ನನಗೆ 39 ವರ್ಷ. ಬನಶಂಕರಿಯಲ್ಲಿ ಮನೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಎಂಟು ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ) ಎಂದು ಹೇಳಿ ಈ ವರ್ಷ ಮಾತ್ರೆ ಆರಂಭಿಸಿದ್ದಾರೆ, ಅನುಕೂಲವಾಗಿದೆ. ಅವನ ಬಗ್ಗೆ ಆಸ್ಪತ್ರೆಯವರು ಕೊಟ್ಟ ಪ್ರಶ್ನಾವಳಿ ತುಂಬುವಾಗ ನನ್ನ ಬಗ್ಗೆಯೇ ಬರೆಯುತ್ತಿದ್ದೇನೆ ಅನ್ನಿಸಿತು. ಹಾಲು ಉಕ್ಕಿಸದ ದಿನವಿಲ್ಲ. ಖಾತೆಯಲ್ಲಿ ಹಣವಿದ್ದೂ ಬಿಲ್ ಕಟ್ಟಲು ಮರೆತು ಎರಡು ಸಲ ಮನೆಯ ಕರೆಂಟ್ ಹೋಗಿದೆ. ಜಿಎಸ್‌ಟಿ ಕೆಲಸವನ್ನು ಕೊನೆಯ ರಾತ್ರಿಯವರೆಗೆ ಮುಟ್ಟುವುದೇ ಇಲ್ಲ. ನಮ್ಮ ಯಜಮಾನರು ‘ಮೊಬೈಲ್ ನೋಡುವುದು ಬಿಡು, ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಆ ಮೊಬೈಲಿನಲ್ಲೇ ಒಂದು ಪರೀಕ್ಷೆ ಮಾಡಿಕೊಂಡೆ, ‘ಇದೆ’ ಎಂದು ಬಂತು. ಒಂದು ಕಡೆ ಬ್ರೇನ್ ಮ್ಯಾಪಿಂಗ್ ಮಾಡಿಸಬೇಕು ಎಂದರು. ಮಗನ ಮಾತ್ರೆಯಲ್ಲೇ ಅರ್ಧ ನುಂಗಿ ನೋಡಿದರೆ ಗೊತ್ತಾಗುವುದಿಲ್ಲವೇ?

ಉತ್ತರ: ಮೊದಲು ಆ ಮಾತ್ರೆಯನ್ನು ಡಬ್ಬಿಗೆ ವಾಪಸ್ ಹಾಕಿ. ಮಗನಿಗೆ ಕೊಟ್ಟಿರುವುದು ಬಹುಶಃ ಮೆಥೈಲ್‌ಫೆನಿಡೇಟ್. ಅದನ್ನು ಬರೆಯುವ ಮುನ್ನ ಅವನ ತೂಕ, ನಾಡಿ, ರಕ್ತದೊತ್ತಡ ನೋಡಿರುತ್ತಾರೆ, ಮನೆತನದಲ್ಲಿ ಹೃದಯದ ತೊಂದರೆ ಇದೆಯೇ ಎಂದು ಕೇಳಿರುತ್ತಾರೆ. ನಿಮ್ಮದನ್ನು ಯಾರೂ ನೋಡಿಲ್ಲ. ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವ ಔಷಧವದು, ಒಬ್ಬರ ಹೆಸರಿನ ಚೀಟಿಯದನ್ನು ಇನ್ನೊಬ್ಬರು ನುಂಗುವಂತಿಲ್ಲ. ಹೋಗಲಿ, ನುಂಗಿದಿರಿ ಎಂದೇ ಇಟ್ಟುಕೊಳ್ಳಿ. ಅದರಿಂದ ಏನೂ ತಿಳಿಯುವುದಿಲ್ಲ, ಎಡಿಎಚ್‌ಡಿ ಇಲ್ಲದವರನ್ನೂ ಆ ಮಾತ್ರೆ ಕೆಲವು ಗಂಟೆ ಚುರುಕಾಗಿಸಬಲ್ಲದು.

ಬ್ರೇನ್ ಮ್ಯಾಪಿಂಗ್ ಬೇಡ. ಎಡಿಎಚ್‌ಡಿ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಿಕೊಡುವ ಸ್ಕ್ಯಾನ್ ಆಗಲಿ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಆಗಲಿ, ರಕ್ತಪರೀಕ್ಷೆಯಾಗಲಿ ಇಂದಿಗೂ ಇಲ್ಲ. ಆ ಹಣದಲ್ಲಿ ಬಿಲ್ಲುಗಳನ್ನು ಮುಂಗಡವಾಗಿ ಕಟ್ಟಿಬಿಡಿ! ಮೊಬೈಲ್ ಪರೀಕ್ಷೆಯೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯದೇ ಆರು ಪ್ರಶ್ನೆಗಳ ಪಟ್ಟಿಯೊಂದು ಬಳಕೆಯಲ್ಲಿದೆ, ಆದರೆ ಅದಿರುವುದು ಯಾರನ್ನು ಕೂರಿಸಿಕೊಂಡು ವಿವರವಾಗಿ ವಿಚಾರಿಸಬೇಕು ಎಂದು ಆರಿಸುವುದಕ್ಕೆ.

ವಿಚಾರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ‘ಯಾವಾಗಿನಿಂದ?’ ಎಂಬುದು. ಎಡಿಎಚ್‌ಡಿ ಮೂವತ್ತೊಂಬತ್ತಕ್ಕೆ ಹೊಸದಾಗಿ ಬರುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ, ಹಲವು ಲಕ್ಷಣಗಳು ಹನ್ನೆರಡು ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ಅದಕ್ಕೆ ಹಿಂದೆ ಆ ಗಡಿ ಏಳು ವರ್ಷಕ್ಕಿತ್ತು. ಸುಮ್ಮನೆ ಕುಳಿತು ಕಿಟಕಿಯಾಚೆ ನೋಡುವ ಮಕ್ಕಳು ಏಳರ ಹೊತ್ತಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹುಡುಗರಿಗಿಂತ ಹೆಣ್ಣುಮಕ್ಕಳು ಹೀಗೆ ಕಣ್ತಪ್ಪಿ ಹೋಗುವುದು ಹೆಚ್ಚು. ಬೆಂಚು ಹಾರುವ ಹುಡುಗನನ್ನು ಶಿಕ್ಷಕರು ಆಸ್ಪತ್ರೆಗೆ ಕಳುಹಿಸುತ್ತಾರೆ, ಕನಸು ಕಾಣುವ ಹುಡುಗಿಗೆ ‘ಸಾಧು’ ಎಂಬ ಬಿರುದು ಸಿಗುತ್ತದೆ.

ಆದ್ದರಿಂದ ನಿಮ್ಮ ತಾಯಿಯನ್ನು ‘ನಾನು ತುಂಟಿಯಾಗಿದ್ದೆನೇ’ ಎಂದು ಕೇಳಬೇಡಿ. ವರ್ಷಕ್ಕೆ ಎಷ್ಟು ಜಾಮೆಟ್ರಿ ಬಾಕ್ಸ್ ಕೊಡಿಸಬೇಕಾಗುತ್ತಿತ್ತು, ಅಂಗಡಿಗೆ ಕಳುಹಿಸಿದರೆ ತರಬೇಕಾದ್ದನ್ನೇ ಬಿಟ್ಟು ಬರುತ್ತಿದ್ದೆನೇ, ಒಂದೇ ಮಾತನ್ನು ಎಷ್ಟು ಸಲ ಹೇಳಬೇಕಾಗುತ್ತಿತ್ತು ಎಂದು ಕೇಳಿ. ಅಟ್ಟದ ಮೇಲೆ ಹಳೆಯ ಪ್ರಗತಿಪತ್ರಗಳಿದ್ದರೆ ತನ್ನಿ. ಅಂಕಗಳು ನನಗೆ ಬೇಡ, ಕೆಳಗೆ ಶಿಕ್ಷಕರು ಬರೆದ ಒಂದು ಸಾಲು ಬೇಕು. ‘ಬುದ್ಧಿಯಿದೆ, ಗಮನ ಸಾಲದು’ ಎಂದು ಮೂರು ತರಗತಿಗಳಲ್ಲಿ ಮೂವರು ಬರೆದಿದ್ದರೆ ಅದು ಯಾವ ಯಂತ್ರಕ್ಕಿಂತಲೂ ಒಳ್ಳೆಯ ಸಾಕ್ಷ್ಯ.

ಲಕ್ಷಣಗಳ ಪಟ್ಟಿಯಲ್ಲಿ ಗಮನಕ್ಕೆ ಒಂಬತ್ತು, ಚಡಪಡಿಕೆ ಮತ್ತು ದುಡುಕಿಗೆ ಒಂಬತ್ತು ಇವೆ. ಎರಡರಲ್ಲಿ ಒಂದರಲ್ಲಾದರೂ ಮಕ್ಕಳಿಗೆ ಆರು, ಹದಿನೇಳು ತುಂಬಿದವರಿಗೆ ಐದು ಇರಬೇಕು. ಮನೆಯಲ್ಲೂ ಹೊರಗೂ ಕಾಣಬೇಕು, ಬದುಕಿಗೆ ನಿಜವಾಗಿ ತೊಡಕಾಗಿರಬೇಕು. ಜಿಎಸ್‌ಟಿಯನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳುವುದೇ ಲಕ್ಷಣವಾದರೆ ಈ ಊರಿನ ಅರ್ಧದಷ್ಟು ಲೆಕ್ಕಿಗರಿಗೆ ಚೀಟಿ ಬರೆಯಬೇಕಾದೀತು, ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಹಣವಿದ್ದೂ ಎರಡು ಸಲ ಕರೆಂಟ್ ಹೋಗಿದ್ದಕ್ಕೆ ಕೊಡುತ್ತೇನೆ. ಮಗನಿಗೆ ಇರುವುದಕ್ಕೂ ಕೊಡುತ್ತೇನೆ: ಇದು ಮನೆತನದಲ್ಲಿ ಬಲವಾಗಿ ಹರಿದು ಬರುವ ಸ್ಥಿತಿ, ಮಗುವಿನ ಪ್ರಶ್ನಾವಳಿ ತುಂಬುತ್ತಾ ತಂದೆಯೋ ತಾಯಿಯೋ ತಮ್ಮನ್ನೇ ಕಾಣುವುದು ನಮಗೆ ಹೊಸದಲ್ಲ.

ಹಾಗೆಂದು ನೇರವಾಗಿ ಮಾತ್ರೆಗೆ ಹಾರುವುದಿಲ್ಲ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಆತಂಕ, ನಿದ್ರೆ ಇವನ್ನೆಲ್ಲ ಮೊದಲು ನೋಡಬೇಕು. ಬನಶಂಕರಿಯಿಂದ ಪೀಣ್ಯಕ್ಕೆ ಹೋಗಿ ಬಂದು, ಅಡುಗೆ, ಮಗನ ಹೋಂವರ್ಕ್ ಮುಗಿಸಿ ಐದೇ ಗಂಟೆ ಮಲಗುವವರಿಗೆ ಹಾಲು ಉಕ್ಕಿದರೆ ಅದು ನಿದ್ರೆಯ ದೋಷವೂ ಆಗಿರಬಹುದು. ನಲವತ್ತರ ಆಸುಪಾಸಿನಲ್ಲಿ ಮುಟ್ಟು ಏರುಪೇರಾಗುತ್ತಿದ್ದರೆ ಅದನ್ನೂ ಹೇಳಿ. ಹಾರ್ಮೋನು ಇಳಿಯುವಾಗ ಗಮನವೂ ಸಡಿಲವಾಗುವುದುಂಟು.

ಇದೆ ಎಂದು ಖಚಿತವಾದರೆ ಔಷಧ ವಯಸ್ಕರಿಗೂ ಕೆಲಸ ಮಾಡುತ್ತದೆ. ಮೆಥೈಲ್‌ಫೆನಿಡೇಟ್‌ನ ಪರಿಣಾಮ ಅಂದೇ ತಿಳಿಯುತ್ತದೆ. ಇನ್ನೊಂದು ಔಷಧ ಅಟೊಮಾಕ್ಸಿಟಿನ್‌ಗೆ ಕೆಲವು ವಾರ ಕಾಯಬೇಕು. ಹಸಿವು ಕುಗ್ಗುವುದು, ನಿದ್ರೆ ಕೆಡುವುದು, ನಾಡಿ ಏರುವುದು ಇವುಗಳ ಮೇಲೆ ಕಣ್ಣಿಟ್ಟು ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತೇವೆ. ಮಾತ್ರೆ ಗಮನ ಕೊಡುತ್ತದೆ, ಬಿಲ್ ಕಟ್ಟುವುದಿಲ್ಲ. ಬಿಲ್ಲನ್ನು ಬ್ಯಾಂಕಿನಿಂದ ತಾನಾಗಿಯೇ ಹೋಗುವಂತೆ ಮಾಡಿ, ಬೀಗದ ಕೈಗೆ ಬಾಗಿಲ ಪಕ್ಕ ಒಂದೇ ಮೊಳೆ ಹೊಡೆಯಿರಿ, ಹಾಲಿಟ್ಟರೆ ಒಲೆಯ ಮುಂದಿನಿಂದ ಕದಲಬೇಡಿ.

ನಿಮ್ಮ ಯಜಮಾನರು ಓದಲೆಂದು ಇನ್ನೊಂದು ಮಾತು. ಮಗನ ಚಿಕಿತ್ಸೆಯಲ್ಲಿ ಮಾತ್ರೆಯಷ್ಟೇ ಪಾಲು ಮನೆಯ ಶಿಸ್ತಿಗಿದೆ: ಹೊತ್ತಿಗೆ ಊಟ, ಗೋಡೆಯ ಮೇಲಿನ ಪಟ್ಟಿ, ಮಾಡಿದ ತಕ್ಷಣ ಶಹಬ್ಬಾಸ್. ಅದನ್ನೆಲ್ಲ ನೆನಪಿಟ್ಟು ನಡೆಸಬೇಕಾದವರು ನೀವು. ನಿಮ್ಮದನ್ನು ಹಾಗೇ ಬಿಟ್ಟು ಮಗನದನ್ನು ಮಾತ್ರ ಸರಿಪಡಿಸುವುದು ಕಷ್ಟ. ಎಲ್ಲಿಗೆ ಹೋಗುವುದು ಎಂಬ ಗೊಂದಲವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಪ್ರಶ್ನೆ: ಮೊಮ್ಮಗನಿಗೆ ನಾಲ್ಕೂವರೆ ವರ್ಷ, ಯಲಹಂಕದ ಶಾಲೆಯೊಂದರಲ್ಲಿ ಎಲ್‌ಕೆಜಿ. ಕೂರುವುದಿಲ್ಲ, ಕರೆದರೆ ತಿರುಗುವುದಿಲ್ಲ, ‘ಹೈಪರ್’ ಇರಬೇಕು, ಮಾತ್ರೆ ಕೊಡಿಸಿ ಎಂದು ಶಾಲೆಯವರು ಹೇಳುತ್ತಿದ್ದಾರೆ.

ಉತ್ತರ: ಮಾತ್ರೆ ಬರೆಯುವುದು ಶಾಲೆಯ ಕೆಲಸವಲ್ಲ. ಕರೆದರೆ ತಿರುಗದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೇಲಿಂದ ಮೇಲೆ ನೆಗಡಿಯಾಗುವ ಮಕ್ಕಳ ಕಿವಿಯೊಳಗೆ ನೀರು ನಿಂತು ಅರ್ಧ ಮಾತು ಕೇಳಿಸದೆ ಇರುವುದು ಸಾಮಾನ್ಯ. ಮಾತು ಬೆಳೆದಿದೆಯೇ, ಕಣ್ಣಿಗೆ ಕಣ್ಣು ಕೊಡುತ್ತಾನೆಯೇ ಎಂದು ಮಕ್ಕಳ ವೈದ್ಯರು ನೋಡಲಿ. ತರಗತಿಯಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನೇ ಎಂದೂ ವಿಚಾರಿಸಿ. ಹತ್ತು ತಿಂಗಳು ದೊಡ್ಡವರ ಪಕ್ಕದಲ್ಲಿ ಕೂರಿಸಿದ ಮಗು ಚಂಚಲವಾಗಿ ಕಾಣುತ್ತದೆ, ಹಾಗೆ ಚಿಕ್ಕವರಿಗೇ ಎಡಿಎಚ್‌ಡಿಯ ಹಣೆಪಟ್ಟಿ ಹೆಚ್ಚು ಬೀಳುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಎಡಿಎಚ್‌ಡಿಯೇ ಆಗಿದ್ದರೂ ಆರು ವರ್ಷದೊಳಗೆ ಮೊದಲ ಚಿಕಿತ್ಸೆ ಹೆತ್ತವರಿಗೆ ಕೊಡುವ ತರಬೇತಿ. ದಿನವಿಡೀ ಅವನನ್ನು ನೋಡಿಕೊಳ್ಳುವವರು ನೀವಾದರೆ ಮಗ ಸೊಸೆಯ ಜೊತೆ ನೀವೂ ಹೋಗಿ.

ಪ್ರಶ್ನೆ: ನಮ್ಮ ಯಜಮಾನರಿಗೆ 67. ನಿವೃತ್ತರಾದ ಮೇಲೂ ಬ್ಯಾಂಕಿನ ಲೆಕ್ಕವೆಲ್ಲ ಅವರದೇ ಇತ್ತು. ಎರಡು ವರ್ಷದಿಂದ ಮರೆವು, ಹೇಳಿದ್ದನ್ನೇ ಹೇಳುತ್ತಾರೆ. ಪತ್ರಿಕೆಯಲ್ಲಿ ಓದಿ ‘ನನಗೆ ಎಡಿಎಚ್‌ಡಿ’ ಎನ್ನುತ್ತಿದ್ದಾರೆ.

ಉತ್ತರ: ಅರವತ್ತೈದರವರೆಗೆ ಲೆಕ್ಕ ತಪ್ಪದೆ ನಡೆಸಿದವರಿಗೆ ಎರಡು ವರ್ಷದಿಂದ ಆರಂಭವಾದದ್ದು ಎಡಿಎಚ್‌ಡಿ ಅಲ್ಲ. ವಯಸ್ಸಾಯಿತು ಎಂದು ಬಿಡುವಂಥದ್ದೂ ಅಲ್ಲ. ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ಶ್ರವಣಶಕ್ತಿ, ಖಿನ್ನತೆ, ಗೊರಕೆಯ ನಡುವೆ ಉಸಿರು ನಿಲ್ಲುವುದು ಎಲ್ಲವನ್ನೂ ನೋಡಿಸಬೇಕು, ಮರೆಗುಳಿ ಕಾಯಿಲೆಯ ತಪಾಸಣೆಯೂ ಆಗಬೇಕು. ಸಸ್ಯಾಹಾರಿಗಳಾದರೆ ಬಿ12 ಖಂಡಿತ ಮಾಡಿಸಿ. ತಡಮಾಡದೆ ಈ ತಿಂಗಳೇ ನರರೋಗ ಅಥವಾ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಅವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ, ನಿದ್ರೆಗೆಂದೋ ಅಲರ್ಜಿಗೆಂದೋ ಅಂಗಡಿಯಿಂದ ತಾವೇ ತಂದುಕೊಂಡವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ಒಯ್ಯಿರಿ.